ಪ್ರಾರ್ಥನೆಯ ವಿಷಯ

ಸುವಾರ್ತಮ್ಮ ಸಿಸ್ಟರ್ ಕೆಲಸಕ್ಕೆ ಸೇರಿದ ದಿನವೇ ಡಾಕ್ಟರಮ್ಮನಿಗೆ ಒಂದು ಮಾತು ಹೇಳಿಬಿಟ್ಟಿದ್ದಳು. ಹೆರಿಗೆ ಎಷ್ಟಾದರೂ ಮಾಡಿಸುತ್ತೇನೆ, ಹೊತ್ತು ಗೊತ್ತು ನೋಡುವುದಿಲ್ಲ, ಆದರೆ ಗರ್ಭ ತೆಗೆಸಲು ಬಂದವರ ಹತ್ತಿರ ನನ್ನನ್ನು ನಿಲ್ಲಿಸಬೇಡಿ ಎಂದು. ಡಾಕ್ಟರಮ್ಮ ಒಳ್ಳೆಯ ಹೆಂಗಸು. ಕಾನೂನು ಒಪ್ಪಿದ್ದನ್ನಷ್ಟೇ ಮಾಡುವವಳು, ಲೈಸೆನ್ಸಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದವಳು. ನಕ್ಕು, ಆಯಿತು ಎಂದಿದ್ದಳು. ಅಂದಿನಿಂದ ಹನ್ನೊಂದು ವರ್ಷ ಹೊಸಪೇಟೆಯ ಆ ನರ್ಸಿಂಗ್ ಹೋಮಿನಲ್ಲಿ ಒಬ್ಬರ ದಾರಿಗೆ ಇನ್ನೊಬ್ಬರು ಅಡ್ಡ ಬಂದಿರಲಿಲ್ಲ. ಒಳಗೆ ಆ ಕೆಲಸ ನಡೆದಾಗ ಸುವಾರ್ತಮ್ಮ ಹೊರಗೆ ಕೂತು ಒಗೆದ ಬಟ್ಟೆ ಮಡಚುತ್ತ ಮನಸ್ಸಿನಲ್ಲೇ ಪ್ರಾರ್ಥಿಸುತ್ತಿದ್ದಳು.

ಗರ್ಭದಲ್ಲಿರುವುದು ಆಗಲೇ ಒಂದು ಜೀವ, ದೇವರಿಗೆ ಅದರ ಗುರುತಿದೆ ಎಂಬುದು ಅವಳಿಗೆ ಸಂಡೇ ಸ್ಕೂಲಿನಲ್ಲಿ ಬಾಯಿಪಾಠ ಮಾಡಿದ ಮಾತಾಗಿ ಉಳಿದಿರಲಿಲ್ಲ. ಸಾವಿರಾರು ಕೂಸುಗಳನ್ನು ಕೈಯಲ್ಲಿ ಹಿಡಿದು, ಮೊದಲ ಅಳು ಕೇಳಿ ಕೇಳಿ, ಅದು ಮೈಗೆ ಹತ್ತಿಬಿಟ್ಟಿತ್ತು. ಇದನ್ನು ಯಾರೂ ಯಾಕೆ ಮಾತಾಡುವುದಿಲ್ಲ ಎಂಬುದೇ ಅವಳ ಸಿಟ್ಟು. ಪೇಪರು ತೆರೆದರೆ ಅದಿರಿನ ರೇಟು, ಟಿವಿ ಹಾಕಿದರೆ ಲಾರಿ ಪಲ್ಟಿ, ಇಲ್ಲವೇ ಯಾವನೋ ಲೀಡರನ ಹುಟ್ಟುಹಬ್ಬ. ಹುಟ್ಟದವರ ಬಗ್ಗೆ ಒಂದು ಸಾಲಿಲ್ಲ. ಪೇಪರಿಗೆ ಒಂಬತ್ತು ಪತ್ರ ಬರೆದಿದ್ದಳು. ಎಂಟು ಎಲ್ಲಿ ಹೋದವೋ ಗೊತ್ತಿಲ್ಲ. ಒಂಬತ್ತನೆಯದು ಅಚ್ಚಾಯಿತು, ಆದರೆ ಅವರು ಉಳಿಸಿಕೊಂಡದ್ದು ಕೊನೆಯ ಮೂರು ಸಾಲು, ಅವು ನರ್ಸಿಂಗ್ ಹೋಮಿನ ಮುಂದಿನ ಗಟಾರದ ಬಗ್ಗೆ ಇದ್ದವು. ಗಟಾರ ಮಾತ್ರ ಮರುವಾರವೇ ಸ್ವಚ್ಛವಾಯಿತು.

ಆ ಸೋಮವಾರ ಬಂದ ಹುಡುಗಿಯ ಹೆಸರು ಶೈಲಶ್ರೀ. ಕಮಲಾಪುರದವಳು, ಇಪ್ಪತ್ತೆರಡರ ವಯಸ್ಸು. ಸಂಡೂರಿನ ದಾರಿಯಲ್ಲಿ ಅದಿರಿನ ಲಾರಿಗಳನ್ನು ತೂಗುವ ಒಂದು ಕಾಟಾದಲ್ಲಿ ಕಂಪ್ಯೂಟರಿನ ಮುಂದೆ ಕೂತು ತೂಕದ ಚೀಟಿ ಹೊಡೆಯುವ ಕೆಲಸ. ಅಪ್ಪ ಕೊಟ್ರಯ್ಯನಿಗೆ ಎರಡೆಕರೆ ಬಾಳೆ. ಹೊಟ್ಟೆಯಲ್ಲಿದ್ದದ್ದಕ್ಕೆ ಹತ್ತು ವಾರ. ಅದಕ್ಕೆ ಕಾರಣನಾದವನು ಲಾರಿಗಳ ಸೂಪರ್‌ವೈಸರ್ ಆಗಿ ನೆಲ್ಲೂರಿನ ಕಡೆಯಿಂದ ಬಂದವನು, ವಿಷಯ ತಿಳಿದ ವಾರದಲ್ಲೇ ಊರನ್ನೂ ಮೊಬೈಲ್ ನಂಬರನ್ನೂ ಒಟ್ಟಿಗೆ ಬದಲಿಸಿದ್ದ. ಡಾಕ್ಟರಮ್ಮ ಪರೀಕ್ಷೆ ಮಾಡಿ, ಎರಡು ವಾರದೊಳಗೆ ಯಾವತ್ತಾದರೂ ಬಾ, ಯೋಚನೆ ಮಾಡಿ ಬಾ ಎಂದು ಕಳಿಸಿದ್ದಳು.

ಹೊರಗೆ ನಲ್ಲಿಯ ಹತ್ತಿರ ಹುಡುಗಿ ಮುಖ ತೊಳೆಯುತ್ತಿದ್ದಳು. ಮುಖ ಒದ್ದೆಯಾದಷ್ಟೂ ಮತ್ತೆ ಮತ್ತೆ ತೊಳೆಯುತ್ತಿದ್ದಳು. ಸುವಾರ್ತಮ್ಮನಿಗೆ ತಡೆಯಲಾಗಲಿಲ್ಲ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಡಾಕ್ಟರಮ್ಮನ ದಾರಿಗೆ ಅಡ್ಡ ಹೋದಳು. ಬಳ್ಳಾರಿಯಲ್ಲಿ ಕನ್ಯಾಸ್ತ್ರೀಯರ ಮನೆಯೊಂದಿದೆ, ಹೆರಿಗೆಯವರೆಗೆ ಇಟ್ಟುಕೊಳ್ಳುತ್ತಾರೆ, ಯಾರು ಏನು ಎಂದು ಕೇಳುವುದಿಲ್ಲ, ಕೂಸನ್ನು ಸಾಕುವುದೋ ಕೊಡುವುದೋ ಆಮೇಲಿನ ಮಾತು ಎಂದೆಲ್ಲ ಹೇಳಿದಳು. ಹುಡುಗಿ ನೆಲ ನೋಡುತ್ತ ಕೇಳಿಸಿಕೊಂಡಳು.

"ಒಂದು ವಾರ ತಡಿ ತಂಗಿ. ಬರೋ ಸೋಮವಾರ ಬಾ. ಅವತ್ತೂ ನಿನ್ನ ಮನಸ್ಸು ಇದ ಇದ್ರ ನಾ ಅಡ್ಡ ಬರಂಗಿಲ್ಲ."

"ಯಾರ ಮುಂದೂ ಹೇಳಂಗಿಲ್ಲಲ್ರೀ ಸಿಸ್ಟರ್?"

"ಇಲ್ಲ. ದೇವರಾಣಿಗೂ ಇಲ್ಲ."

ಹುಡುಗಿ ತಲೆ ಆಡಿಸಿ ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ಸುವಾರ್ತಮ್ಮನಿಗೆ ಆ ದಿನ ಕಾಲು ನೆಲದ ಮೇಲೆ ಇರಲಿಲ್ಲ. ಒಂದು ಜೀವ ಉಳಿಯುವ ಹಾದಿಗೆ ಬಂದಿದೆ, ಇನ್ನು ಏಳು ದಿನ ಅದು ಹಾದಿಯಲ್ಲೇ ಇರಬೇಕು, ಅಷ್ಟೇ. ಬಳ್ಳಾರಿಗೆ ಫೋನು ಮಾಡಿದಳು, ಕರೆದುಕೊಂಡು ಬಾ ಎಂದರು.

ಈಗ ಸುವಾರ್ತಮ್ಮ ಹೋಗುವ ಚಿತ್ತವಾಡ್ಗಿಯ ಚರ್ಚಿನ ಸ್ತ್ರೀಯರ ಕೂಟದ ವಿಷಯ ಹೇಳಬೇಕು. ಗುರುವಾರಕ್ಕೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಹತ್ತು ಹನ್ನೆರಡು ಹೆಂಗಸರು ಸೇರುತ್ತಾರೆ. ಹಾಡು ಮುಗಿದ ಮೇಲೆ ಪ್ರತಿಯೊಬ್ಬರೂ ತಮ್ಮ ಪ್ರಾರ್ಥನೆಯ ವಿಷಯ ಹೇಳಬೇಕು, ಅದನ್ನೊಬ್ಬರು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬೇಕು, ಆಮೇಲೆ ಎಲ್ಲರೂ ಕೂಡಿ ಅದನ್ನು ದೇವರ ಮುಂದೆ ಎತ್ತಿ ಹಿಡಿಯಬೇಕು. ಒಬ್ಬರ ಪ್ರಾರ್ಥನೆಗಿಂತ ಹತ್ತು ಜನರದ್ದು ಗಟ್ಟಿ ಎಂಬ ನಂಬಿಕೆ. ಯಾರಾದರೂ ಬರೀ ಒಂದು ಕಷ್ಟ ಇದೆ, ಪ್ರಾರ್ಥಿಸಿ ಎಂದರೆ ಕೂಟಕ್ಕೆ ಸಮಾಧಾನವಾಗುವುದಿಲ್ಲ. ಎಂಥ ಕಷ್ಟ, ಯಾರದು, ಎಷ್ಟು ದಿನದ್ದು ಎಂದು ಮೆಲ್ಲಗೆ ಕೇಳುತ್ತಾರೆ. ದೇವರಿಗೆ ವಿವರ ಬೇಕಿಲ್ಲ, ಹೆಂಗಸರಿಗೆ ಬೇಕು. ಕೇಳುವವರಿಗೆ ಕೆಟ್ಟ ಮನಸ್ಸಿಲ್ಲ. ತಿಳಿದಷ್ಟೂ ಕಣ್ಣೀರು ಬೇಗ ಬರುತ್ತದೆ, ಪ್ರಾರ್ಥನೆಗೆ ಬಿಸಿ ಹತ್ತುತ್ತದೆ.

ಆ ಗುರುವಾರದ ಕೂಟ ದುರ್ಗಕ್ಕನ ಮನೆಯಲ್ಲಿತ್ತು. ದುರ್ಗಕ್ಕ ದೀಕ್ಷಾಸ್ನಾನ ಪಡೆದು ಹದಿನೈದು ವರ್ಷವಾಗಿತ್ತು, ಚರ್ಚಿನ ಅಯ್ಯನೋರು ಬೇರೆ ಹೆಸರನ್ನೂ ಇಟ್ಟಿದ್ದರು, ಆದರೆ ಓಣಿಯವರು ಆ ಹೆಸರಿಗೆ ಓಗೊಡಲಿಲ್ಲ, ಕೊನೆಗೆ ಅವಳೂ ಓಗೊಡಲಿಲ್ಲ. ಸುವಾರ್ತಮ್ಮನ ಸರದಿ ಬಂತು. ಅವಳು ಹುಡುಗಿಯ ಹೆಸರು ಹೇಳಲಿಲ್ಲ. ಅದು ಅವಳಿಗೆ ಚೆನ್ನಾಗಿ ನೆನಪಿತ್ತು, ಮುಂದೆ ಎಷ್ಟೋ ಸಲ ಅದನ್ನೇ ತನಗೆ ತಾನು ಹೇಳಿಕೊಂಡಳು. ಒಂದು ಹುಡುಗಿ ಎಂದಳು. ಕಮಲಾಪುರದ ಕಡೆಯದು, ಸಂಡೂರು ದಾರಿಯ ಕಾಟಾದಲ್ಲಿ ಕಂಪ್ಯೂಟರ್ ಕೆಲಸ ಎಂದಳು. ಹೊಟ್ಟೆಯಲ್ಲಿ ಕೂಸಿದೆ, ತೆಗೆಸಬೇಕೆಂದು ನಮ್ಮಲ್ಲಿಗೆ ಬಂದಿದ್ದಳು, ಸೋಮವಾರದವರೆಗೆ ದೇವರು ಅದನ್ನು ಕಾಯಬೇಕು ಎಂದಳು. ಹನ್ನೆರಡು ಹೆಂಗಸರು ಅತ್ತರು. ಅಷ್ಟು ಗಟ್ಟಿ ಪ್ರಾರ್ಥನೆ ಆ ವರ್ಷದಲ್ಲೇ ಆಗಿರಲಿಲ್ಲ.

ಶನಿವಾರ ಸಂಜೆ ಏಳಕ್ಕೆ ಊರಿನ ಕೇಬಲ್ ಚಾನೆಲ್‌ನಲ್ಲಿ ಸುದ್ದಿ. ಅದಿರಿನಲ್ಲಿ ದುಡ್ಡು ಮಾಡಿದವರೊಬ್ಬರು ಶೋಕಿಗೆ ಇಟ್ಟುಕೊಂಡ ಚಾನೆಲ್ಲು. ನರ್ಸಿಂಗ್ ಹೋಮಿನ ವೇಟಿಂಗ್ ಹಾಲಿನಲ್ಲಿ ಟಿವಿ ಓಡುತ್ತಿತ್ತು, ಸುವಾರ್ತಮ್ಮ ಬಾಣಂತಿಯೊಬ್ಬಳ ಬಿಸಿನೀರಿನ ಫ್ಲಾಸ್ಕ್ ಹಿಡಿದು ಹಾದು ಹೋಗುತ್ತಿದ್ದಳು. ಗಣಿನಾಡಿನಲ್ಲಿ ಗರ್ಭಪಾತದ ಕರಾಳ ಮುಖ ಎಂದು ಕೆಂಪು ಅಕ್ಷರ ಬಂತು. ಅದರ ಹಿಂದೆ ಒಂದು ಹುಡುಗಿ, ದೂರದಿಂದ ತೆಗೆದದ್ದು, ಕಾಟಾದ ಗೇಟಿನಿಂದ ಬಸ್ ಸ್ಟಾಪಿಗೆ ನಡೆಯುತ್ತಿದ್ದಾಳೆ. ಮುಖ ಮಸುಕು ಮಾಡಿದ್ದರು. ನಡಿಗೆಯನ್ನು ಮಸುಕು ಮಾಡಲು ಬರುವುದಿಲ್ಲವಲ್ಲ, ಹೆಗಲಿನ ಹಳದಿ ಬ್ಯಾಗನ್ನೂ ಬಿಟ್ಟಿದ್ದರು. ಕಮಲಾಪುರದಲ್ಲಿ ಅವಳನ್ನು ಗುರುತಿಸದೆ ಇರಬೇಕಾದರೆ ಕಣ್ಣೇ ಇರಬಾರದು. ಕಾಟಾದ ಈ ಯುವತಿ ಹೊಸಪೇಟೆಯ ಖಾಸಗಿ ಆಸ್ಪತ್ರೆಯಲ್ಲಿ ಗುಟ್ಟಾಗಿ ಗರ್ಭ ತೆಗೆಸಿಕೊಂಡಿದ್ದಾಳೆ, ಹೆತ್ತವರಿಗೆ ಗೊತ್ತೇ ಇಲ್ಲ, ಇಂಥ ಎಳೆಯ ಜೀವಗಳಿಗೆ ದಿಕ್ಕು ಯಾರು ಎಂದು ಒಬ್ಬ ಗಂಡಸು ಹಿಂದಿನಿಂದ ಬಿಕ್ಕುವ ದನಿಯಲ್ಲಿ ಓದಿದ.

ಸುವಾರ್ತಮ್ಮ ಅಲ್ಲೇ ನಿಂತುಬಿಟ್ಟಳು. ಏನಾಗುತ್ತಿದೆ ಎಂದು ಅವಳಿಗೆ ತಿಳಿಯಲಿಲ್ಲ. ಎಳೆಯ ಜೀವ ಎಂಬ ಮಾತು ಟಿವಿಯಲ್ಲಿ ಬರಲಿ ಎಂದು ವರ್ಷಗಟ್ಟಲೆ ಕಾದಿದ್ದಳು. ಬಂದಿತ್ತು. ಅವಳದೇ ಮಾತು, ಅವಳದೇ ನೋವು, ಆದರೆ ಆ ಬಾಯಲ್ಲಿ ಅದು ಕೇಳಲಿಕ್ಕಾಗದಂತೆ ಇತ್ತು. ಮೇಲಾಗಿ ಹುಡುಗಿ ತೆಗೆಸಿಯೇ ಇಲ್ಲ. ಯಾರು ಹೇಳಿದರು ಇವರಿಗೆ? ಅವಳ ಅನುಮಾನ ನೇರ ಆಯಾ ಉಚ್ಚೆಂಗಮ್ಮನ ಮೇಲೆ ಹೋಯಿತು. ಡಾಕ್ಟರಮ್ಮನ ಅನುಮಾನವೂ ಅಲ್ಲಿಗೇ ಹೋಗಿತ್ತು. ಆ ಬಡವಿಯನ್ನು ಕರೆದು ಇಬ್ಬರೂ ಒಂದು ತಾಸು ಬೆವರಿಳಿಸಿದರು. ಉಚ್ಚೆಂಗಮ್ಮ ಮಗನ ಮೇಲೆ ಆಣೆ ಇಟ್ಟು ಅತ್ತಳು. ಸುವಾರ್ತಮ್ಮ ನಂಬಲಿಲ್ಲ.

ಭಾನುವಾರ ಆರಾಧನೆ ಮುಗಿಸಿ ಹೊರಬಂದರೆ ಚರ್ಚಿನ ಗೇಟಿನಲ್ಲಿ ಪಂಪೇಶ್ ನಿಂತಿದ್ದ. ದುರ್ಗಕ್ಕನ ತಂಗಿಯ ಮಗ. ಅವರ ಮನೆಯಲ್ಲಿ ದುರ್ಗಕ್ಕನೊಬ್ಬಳೇ ಚರ್ಚಿಗೆ ಬಂದವಳು. ಅವನು ಕೇಬಲ್ ಚಾನೆಲ್ಲಿನ ರಿಪೋರ್ಟರು, ಕ್ಯಾಮೆರಾದವನೂ ಅವನೇ. ದೊಡ್ಡಮ್ಮಾ ಎಂದು ಕರೆದು, ಮೈಕು ತೆಗೆದು, ಎರಡು ನಿಮಿಷ ಮಾತಾಡ್ರಿ ಎಂದ. ಗರ್ಭಪಾತ ತಪ್ಪು ಅಂತ ನೀವು ಎಷ್ಟೋ ವರ್ಷದಿಂದ ಹೇಳ್ತೀರಂತೆ, ನಿಮ್ಮಂಥವರ ಮಾತು ಜನಕ್ಕೆ ಮುಟ್ಟಬೇಕು, ನಾಳೆ ಸಂಜೆ ಪೂರಾ ಹಾಕುತ್ತೇವೆ, ಒಂದಕ್ಷರ ಕತ್ತರಿಸುವುದಿಲ್ಲ ಎಂದ. ಸುವಾರ್ತಮ್ಮನ ಕಣ್ಣು ಆ ಮೈಕಿನ ಮೇಲೆ ನೆಟ್ಟಿತು. ಒಂಬತ್ತು ಪತ್ರ ಬರೆದವಳಿಗೆ ಅದು ಸಣ್ಣ ಆಸೆಯಲ್ಲ. ಅವಳ ಮಾತು ಕೇಳಿ ಒಬ್ಬ ಹೆಣ್ಣುಮಗಳು ಮನಸ್ಸು ಬದಲಿಸಿದರೂ ಸಾಕಲ್ಲ. ಆದರೆ ಮೊದಲು ಸುಳ್ಳು ತಿದ್ದಬೇಕಿತ್ತು.

ಆ ಹುಡುಗಿ ತೆಗೆಸಿಲ್ಲ, ನೀವು ತಪ್ಪು ಹೇಳಿದ್ದೀರಿ, ಅದನ್ನು ಹೇಳಿ ಮೊದಲು ಎಂದಳು. ಪಂಪೇಶನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ.

"ತಗಸಿಲ್ಲಂದ್ರ ಅದರಾಗ ಸುದ್ದಿ ಏನೈತಿ ದೊಡ್ಡಮ್ಮ?"

ಕೂಸು ಸತ್ತರೆ ಸುದ್ದಿ, ಬದುಕಿದ್ದರೆ ಇಲ್ಲ. ಅವನು ಅದನ್ನು ಕೆಟ್ಟತನದಿಂದ ಹೇಳಿರಲಿಲ್ಲ, ಕೆಲಸದ ಲೆಕ್ಕದಲ್ಲಿ ಹೇಳಿದ್ದ. ಸುವಾರ್ತಮ್ಮನಿಗೆ ಸಿಟ್ಟು ಉಕ್ಕಿ, ನಿನಗೆ ಇದನ್ನೆಲ್ಲ ಹೇಳಿದ್ದು ಉಚ್ಚೆಂಗಮ್ಮನೇ ಅಲ್ಲವೇ ಎಂದು ಕೇಳಿದಳು. ಯಾವ ಉಚ್ಚೆಂಗಮ್ಮ ಎಂದ ಅವನು.

"ನಮ್ಮ ದೊಡ್ಡವ್ವ ಹೇಳಿದ್ಲು. ಕೂಟದಾಗ ನೀವ ಪ್ರಾರ್ಥನಿಗೆ ಇಟ್ಟಿದ್ರಂತಲ್ರಿ."

ದುರ್ಗಕ್ಕ ಮೂರು ಹೆಜ್ಜೆ ಹಿಂದೆಯೇ ನಿಂತಿದ್ದಳು. ಅವಳ ಮುಖದಲ್ಲಿ ಹೆದರಿಕೆಯೂ ಇರಲಿಲ್ಲ, ನಾಚಿಕೆಯೂ ಇರಲಿಲ್ಲ. ತಂಗಿಯ ಮಗ ಚರ್ಚಿಗೆ ಬರಲಿ ಎಂದು ಅವಳು ಹತ್ತು ವರ್ಷದಿಂದ ಪ್ರಾರ್ಥಿಸುತ್ತಿದ್ದಳು, ನಮ್ಮ ಕೂಟದಲ್ಲಿ ಎಂಥೆಂಥ ಜೀವಗಳಿಗಾಗಿ ಬೇಡಿಕೊಳ್ಳುತ್ತೇವೆ ನೋಡು ಎಂದು ಅವನ ಮುಂದೆ ಸಾಕ್ಷಿ ಹೇಳಿದ್ದಳು. ಸಾಕ್ಷಿ ಹೇಳುವುದು ತಪ್ಪೇ ಎಂದು ಕೇಳಿದಳು. ಸುವಾರ್ತಮ್ಮ ಮೈಕನ್ನು ಕೈಯಿಂದ ಸರಿಸಿ ಮನೆಗೆ ನಡೆದಳು.

ಆ ದಿನ ಒಲೆ ಹಚ್ಚಲಿಲ್ಲ. ತಲೆಯಲ್ಲಿ ಒಂದಕ್ಕೊಂದು ಹೊಂದದ ಮಾತುಗಳು ತಿರುಗಿದವು. ನಾನು ಮನುಷ್ಯರಿಗೆ ಹೇಳಲಿಲ್ಲ, ದೇವರಿಗೆ ಹೇಳಿದೆ. ದೇವರಿಗೆ ಹೇಳುವುದಿದ್ದರೆ ಬಾಗಿಲು ಹಾಕಿಕೊಂಡು ಹೇಳಬಹುದಿತ್ತು. ಹನ್ನೆರಡು ಜನ ಅತ್ತಾಗ ನನಗೆ ಹಿತವಾಗಿತ್ತಲ್ಲ, ಅದು ಯಾವ ಹಿತ? ಹೆಸರು ಹೇಳಲಿಲ್ಲವಲ್ಲ. ಹೆಸರೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಹೇಳಿದೆಯಲ್ಲ. ಪಂಪೇಶ್ ಮುಖವನ್ನಾದರೂ ಮಸುಕು ಮಾಡಿದ್ದ. ನಾನು ಅವನಿಗಿಂತ ಹೇಗೆ ಮೇಲು? ಪ್ರಾರ್ಥಿಸಲು ಮೊಣಕಾಲೂರಿದಳು, ಮೊದಲ ಸಲ ಏನು ಬೇಡಬೇಕೆಂದು ತಿಳಿಯದೆ ಎದ್ದಳು.

ಸೋಮವಾರ ಹತ್ತು ಗಂಟೆಗೆ ಶೈಲಶ್ರೀ ಬಂದಳು. ಕೌಂಟರಿನಲ್ಲಿ ಹೆಸರು ಬರೆಸಿ, ಏಳನೇ ನಂಬರಿನ ಚೀಟಿ ಹಿಡಿದು, ಮೂಲೆಯ ಬೆಂಚಿನಲ್ಲಿ ಕೂತಳು. ಸುವಾರ್ತಮ್ಮ ಹೋಗಿ ಪಕ್ಕದಲ್ಲಿ ಕೂತರೂ ತಿರುಗಿ ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ತಾನಾಗಿಯೇ ಮಾತಾಡಿದಳು. ಕಾಟಾದವರು ಬರಬೇಡ ಎಂದಿದ್ದಾರೆ. ಅಪ್ಪ ಹೊಡೆಯಲಿಲ್ಲ, ಬೈಯಲಿಲ್ಲ, ಮನೆಯ ಕಟ್ಟೆಯ ಮೇಲೆ ಮುಖ ಆ ಕಡೆ ಮಾಡಿ ಕೂತಿದ್ದಾರೆ. ಅವ್ವನೂ ಮಾತಾಡುತ್ತಿಲ್ಲ. ಮುಗಿಸಿ ಬಂದಿದ್ದಾಳೆ ಎಂದೇ ಇಡೀ ಊರು ನಂಬಿದೆ, ಇಲ್ಲ ಎನ್ನಲು ಹೋದರೆ ಕೇಳುವವರಿಲ್ಲ.

"ಟಿವಿಯಾಗ ಆಗಿ ಹೋಗೈತಿ ಅಂದಾರ. ಇನ್ನ ಖರೇನ ತಗಸಿದ್ರ ಯಾರಿಗೇನ್ ಫರಕ್ ಬೀಳ್ತೈತ್ರಿ?"

"ಕೂಸಿಗೆ ಬೀಳ್ತೈತಿ ತಂಗಿ," ಎಂದಳು ಸುವಾರ್ತಮ್ಮ.

ಹುಡುಗಿ ಚೀಟಿಯನ್ನು ಮಡಚಿ ಮಡಚಿ ಉಗುರಿನಷ್ಟು ಮಾಡಿದಳು. ಆಮೇಲೆ ಈ ಕಡೆ ತಿರುಗಿ, ದನಿ ತಗ್ಗಿಸಿ ಕೇಳಿದಳು.

"ಡಾಕ್ಟರಮ್ಮ ಹೇಳ್ಯಾಳ ಅಲ್ರಿ ಅವರಿಗೆ? ನನಗ ಗೊತ್ತು. ಅಂಥಾಕಿ ಕೈಯಾಗ ನಾ ಹೆಂಗ ಮೈ ಕೊಡ್ಲಿ?"

ಸುವಾರ್ತಮ್ಮ ಹೂಂ ಎಂದರೆ ಸಾಕಿತ್ತು. ಬಾಯಿಬಿಟ್ಟು ಹೇಳುವುದೂ ಬೇಕಿರಲಿಲ್ಲ, ಸುಮ್ಮನೆ ತಲೆ ತಗ್ಗಿಸಿದ್ದರೂ ನಡೆಯುತ್ತಿತ್ತು. ಹುಡುಗಿ ಈ ಬಾಗಿಲು ಬಿಟ್ಟು ಏಳುತ್ತಿದ್ದಳು, ಬಳ್ಳಾರಿಯ ಬಸ್ಸು ಹನ್ನೊಂದಕ್ಕೆ ಇತ್ತು, ಕೂಸು ಉಳಿಯುತ್ತಿತ್ತು. ಒಂದು ಸಣ್ಣ ಸುಳ್ಳಿಗೆ ಒಂದು ಇಡೀ ಜೀವ. ದೇವರೇ ಈ ಸುಳ್ಳನ್ನು ಅವಳ ಕೈಗೆ ಕೊಟ್ಟನೋ, ಅಥವಾ ಕೊಟ್ಟವನು ಬೇರೆಯವನೋ, ಅವಳಿಗೆ ಗೊತ್ತಾಗಲಿಲ್ಲ. ಸತ್ಯ ಹೇಳಿ ಕೂಸನ್ನು ಕಳೆದರೆ ಆ ಸತ್ಯವನ್ನು ಇಟ್ಟುಕೊಂಡು ಏನು ಮಾಡುವುದು? ಎದುರು ಗೋಡೆಯ ಹತ್ತಿರ ಉಚ್ಚೆಂಗಮ್ಮ ಊದಿದ ಕಣ್ಣಿನಲ್ಲಿ ನೆಲ ಒರೆಸುತ್ತಿದ್ದಳು. ಈಗಾಗಲೇ ಒಬ್ಬಳು ತನ್ನ ತಪ್ಪನ್ನು ಹೊತ್ತು ಬಗ್ಗಿದ್ದಾಳೆ, ಇನ್ನು ಡಾಕ್ಟರಮ್ಮ ಎರಡನೆಯವಳು.

"ಡಾಕ್ಟರಮ್ಮ ಅಲ್ಲ, ಯಾರೂ ಅಲ್ಲ," ಎಂದಳು. "ನನ್ನ ಬಾಯಿಂದ ಹೋತು."

ಎಲ್ಲವನ್ನೂ ಹೇಳಿದಳು. ಕೂಟ, ನೋಟ್‌ಬುಕ್ಕು, ದುರ್ಗಕ್ಕ, ಅವಳ ತಂಗಿಯ ಮಗ. ಹೇಳುತ್ತ ಹೋದಂತೆ ಅದು ಕ್ಷಮೆ ಕೇಳಿದಂತೆಯೂ ಇರಲಿಲ್ಲ, ನೆಪ ಹೇಳಿದಂತೆಯೂ ಇರಲಿಲ್ಲ, ಬರೀ ನಡೆದದ್ದಾಗಿತ್ತು. ಒಳಗಿಂದ ಏಳನೇ ನಂಬರು ಕರೆದರು.

"ಹೊಟ್ಟಿಯಾಗಿಂದಕ್ಕ ಅಷ್ಟು ಮರುಗಿದ್ರಿ," ಎಂದಳು ಶೈಲಶ್ರೀ. "ನಾನೂ ಒಬ್ಬಾಕಿ ಇದ್ನೆಲ್ರೀ."

ಏಳನೇ ನಂಬರು ಎಂದು ಮತ್ತೆ ಕರೆದರು. ಹುಡುಗಿ ಎದ್ದಳು. ಸುವಾರ್ತಮ್ಮ ಕಣ್ಣು ಮುಚ್ಚಿಕೊಂಡಳು, ಆದರೆ ಚಪ್ಪಲಿಯ ಸದ್ದು ಒಳಗೆ ಹೋಗಲಿಲ್ಲ. ಕಣ್ಣು ತೆರೆದಾಗ ಹುಡುಗಿ ಅವಳೆದುರೇ ನಿಂತಿದ್ದಳು.

"ಊರಿಗೆಲ್ಲಾ ಹೇಳಿದಂಗಾತು. ಖರೇ ಗೊತ್ತಿಲ್ಲದಿದ್ದದ್ದು ನಮ್ಮವ್ವಗ. ಬಂದು ಅಕಿಗೆ ಹೇಳ್ರಿ. ಆಮ್ಯಾಲೆ ನಾ ಏನ್ ಮಾಡ್ತೀನಿ, ನನಗೂ ತಿಳೀವಲ್ದು."

ಅರ್ಧ ದಿನ ರಜೆ ಕೇಳಲು ಒಳಗೆ ಹೋದ ಸುವಾರ್ತಮ್ಮ, ಸುದ್ದಿ ಹೊರಗೆ ಹೋದದ್ದು ತನ್ನಿಂದ ಎಂಬುದನ್ನೂ ಡಾಕ್ಟರಮ್ಮನಿಗೆ ಹೇಳಿದಳು. ಡಾಕ್ಟರಮ್ಮ, ಮೊದಲು ಉಚ್ಚೆಂಗಮ್ಮನ ಹತ್ತಿರ ಹೋಗಿ ಹೇಳು ಎಂದಳು. ಅವಳಿಗೂ ಹೇಳಿ, ಕೈಮುಗಿದು, ಹುಡುಗಿಯ ಜೊತೆ ಕಮಲಾಪುರದ ಬಸ್ಸು ಹತ್ತಿದಳು. ತಾನು ಒಂದು ಕೂಸನ್ನು ಉಳಿಸಲು ಹೋಗುತ್ತಿದ್ದೇನೋ, ಒಂದು ಮನೆಯನ್ನು ಎರಡನೇ ಸಲ ಕೆಡಿಸಲು ಹೋಗುತ್ತಿದ್ದೇನೋ ಎಂಬುದು ಕಬ್ಬಿನ ಗದ್ದೆಗಳು ದಾಟಿದರೂ ಅವಳಿಗೆ ಬಗೆಹರಿಯಲಿಲ್ಲ.

ಕಟ್ಟೆಯ ಮೇಲೆ ಕೊಟ್ರಯ್ಯ ಇದ್ದ. ಮಗಳನ್ನೂ ಹಿಂದೆ ಬಂದ ಬಿಳಿ ಸೀರೆಯ ಹೆಂಗಸನ್ನೂ ನೋಡಿ, ಎದ್ದು, ಚಪ್ಪಲಿ ಮೆಟ್ಟಿ ತೋಟದ ಕಡೆ ಹೊರಟುಹೋದ. ಒಳಗೆ ಶೈಲಶ್ರೀಯ ತಾಯಿ ಅಕ್ಕನಾಗಮ್ಮ ಒಲೆಯ ಮುಂದೆ ಇದ್ದಳು. ಬನ್ನಿ ಎನ್ನಲಿಲ್ಲ, ಹೋಗಿ ಎನ್ನಲಿಲ್ಲ. ಒಂದು ಚಾಪೆಯನ್ನು ಕಾಲಿನಿಂದ ಈ ಕಡೆ ಸರಿಸಿದಳು. ಮಗಳು ಗೋಡೆಗೆ ಒರಗಿ ಕೂತಳು. ತಾಯಿ ಅವಳ ಮುಖ ನೋಡದೆ, ಒಂದು ಬಟ್ಟಲನ್ನು ತುಂಬಿಸಿ ತಂದು ಅವಳ ಮುಂದೆ ಇಟ್ಟು, ಮತ್ತೆ ಒಲೆಯ ಕಡೆ ತಿರುಗಿದಳು.

ಆ ವಾಸನೆ ಯಾವುದೆಂದು ಸುವಾರ್ತಮ್ಮನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅಳವಿ ಪಾಯಸ. ಬೆಲ್ಲ, ಕೊಬ್ಬರಿ, ಅಳವಿ ಬೀಜ. ಹೆತ್ತ ಮೈ ಗಟ್ಟಿಯಾಗಲಿ ಎಂದು ಬಾಣಂತಿಗೆ ಕೊಡುವುದು, ಕೂಸು ಕಳೆದುಕೊಂಡವಳಿಗೂ ಕೊಡುವುದು, ಹೊಟ್ಟೆಯಲ್ಲಿ ಕೂಸಿದ್ದವಳಿಗೆ ಮಾತ್ರ ಯಾರೂ ಮುಟ್ಟಿಸುವುದಿಲ್ಲ, ಅಷ್ಟು ಉಷ್ಣ. ಒಲೆಯ ಪಕ್ಕದಲ್ಲಿ ಬೆಳ್ಳುಳ್ಳಿ ಸುಲಿದಿಟ್ಟಿತ್ತು, ಹಂಡೆಯಲ್ಲಿ ನೀರು ಕಾಯುತ್ತಿತ್ತು. ಟಿವಿ ಹೇಳಿದ್ದನ್ನು ನಂಬಿದ ಈ ತಾಯಿ, ಮಗಳ ಜೊತೆ ಮಾತು ಬಿಟ್ಟು, ಬಾಣಂತನ ಮಾಡುತ್ತಿದ್ದಳು.

ಮೂವತ್ತು ವರ್ಷ ತಡವರಿಸದೆ ಗಟ್ಟಿಯಾಗಿ ಪ್ರಾರ್ಥನೆ ಮಾಡಿದವಳಿಗೆ ಎರಡು ಮಾತು ಸಿಗಲಿಲ್ಲ. ಶೈಲಶ್ರೀ ಬಟ್ಟಲು ಎತ್ತಿಕೊಂಡಳು. ಅವಳ ಕಣ್ಣು ಸುವಾರ್ತಮ್ಮನ ಮೇಲೇ ಇತ್ತು.

"ತಾಯಿ," ಎಂದಳು ಸುವಾರ್ತಮ್ಮ, "ಟಿವಿಯಾಗ ಹೇಳಿದ್ದು ಸುಳ್ಳೈತ್ರಿ. ಅಕಿ ತಗಸಿಲ್ಲ. ಕೂಸು ಐತಿ."

ಅಕ್ಕನಾಗಮ್ಮ ಹಾಗೇ ನಿಂತಳು. ಒಲೆಯ ಮೇಲಿನದು ಉಕ್ಕಿ ಬೆಂಕಿಗೆ ಬಿದ್ದರೂ ನೋಡಲಿಲ್ಲ. ಆಮೇಲೆ ಎರಡೇ ಹೆಜ್ಜೆಗೆ ಬಂದು, ಮಗಳ ಬಾಯಿಯ ಹತ್ತಿರ ಹೋಗಿದ್ದ ಬಟ್ಟಲನ್ನು ಕೈಯಿಂದ ಕಿತ್ತುಕೊಂಡಳು. ಪಾಯಸ ತಾಯಿಯ ಸೀರೆಯ ಮೇಲೆಲ್ಲ ಚೆಲ್ಲಿತು. ಶನಿವಾರ ಸಂಜೆಯಿಂದ ಆ ಮನೆಯಲ್ಲಿ ಮಗಳ ಜೊತೆ ಯಾರೂ ಒಂದು ಮಾತಾಡಿರಲಿಲ್ಲ.

"ತಿನಬ್ಯಾಡ ಇದನ್ನ," ಎಂದಳು. "ಬಸುರಾಗ ತಿನಬಾರದು."